ಗೋರಟಾ ನಮ್ಮದೂ ಹೌದು



ಸೆಪ್ಟೆಂಬರ್ 17 ಇನ್ನೇನು ಬಂತು. ಆವತ್ತು ರಾಯಚೂರಿನಲ್ಲಿ ಬಾವುಟ ಹಾರಿಸಿ ಕಲ್ಯಾಣ ಕರ್ನಾಟಕ ಉತ್ಸವ ಅಂತಾರೆ. 2019ಕ್ಕೆ ಮುಂಚೆ ಅದೇ ದಿನಕ್ಕೆ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಅಂತಿದ್ದರು. ಗಡಿ ದಾಟಿ ನಮ್ಮ ಗದ್ವಾಲ ಜಿಲ್ಲೆಗೆ ಬಂದರೆ ಹೆಸರು ಬೇರೆ. 2022ರಲ್ಲಿ ತೆಲಂಗಾಣ ಸರ್ಕಾರ ಅದನ್ನು ರಾಷ್ಟ್ರೀಯ ಸಮೈಕ್ಯತಾ ದಿನ ಅಂದಿತು, ಕೇಂದ್ರ ಸರ್ಕಾರ ಹೈದರಾಬಾದ್ ವಿಮೋಚನಾ ದಿನ ಅಂದಿತು. ರಾಜ್ಯದಲ್ಲಿ ಸರ್ಕಾರ ಬದಲಾದ ಮೇಲೆ 2024ರಲ್ಲಿ ಪ್ರಜಾ ಪಾಲನಾ ದಿನ ಆಯಿತು. ದಿನ ಒಂದೇ. ಹೆಸರು ಮಾತ್ರ ಯಾರು ಕುರ್ಚಿ ಮೇಲೆ ಕೂತಿದ್ದಾರೆ ಅನ್ನೋದರ ಮೇಲೆ.

ಐಜದಲ್ಲಿ ನಿಂತು ನೋಡಿದರೆ ಎರಡೂ ಕಡೆಯ ಮೈಕಿನ ಸದ್ದು ಕೇಳುತ್ತದೆ. ಆದರೆ ಎರಡೂ ಕಡೆಯ ಭಾಷಣದಲ್ಲಿ ನಮ್ಮೂರುಗಳ ಹೆಸರು ಬರುವುದು ಅಪರೂಪ. ಅವರ ಪಾಲಿಗೆ ನಾವು ತೆಲಂಗಾಣದವರು, ಇವರ ಪಾಲಿಗೆ ಕನ್ನಡದವರು.

ಈ ಸಲ ಆ ಜಗಳ ಸ್ವಲ್ಪ ಬದಿಗಿಟ್ಟು, ಬೇರೊಂದು ತಾರೀಖಿನ ಬಗ್ಗೆ ಮಾತಾಡೋಣ ಅಂತ ನಮ್ಮ ಬಳಗ ಅಂದುಕೊಂಡಿದೆ. ಆ ತಾರೀಖು 1948ರ ಮೇ 9. ಊರು ಬೀದರ್ ಜಿಲ್ಲೆಯ ಗೋರಟಾ.

ಅಲ್ಲಿ ಏನಾಯಿತು?

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು, ನಮ್ಮ ಕಡೆಗೆ ಬರಲಿಲ್ಲ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಆ ನವೆಂಬರ್ ತಿಂಗಳಲ್ಲಿ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಆದರೆ ಹಳ್ಳಿಗಳಲ್ಲಿ ಯಾವ ಯಥಾಸ್ಥಿತಿಯೂ ಇರಲಿಲ್ಲ. ಕಾಸಿಂ ರಜ್ವಿಯ ರಜಾಕಾರರು ಊರೂರು ತಿರುಗಿದರು. ತ್ರಿವರ್ಣ ಧ್ವಜ ಹಿಡಿದವನಿಗೆ ಏಟು, ಹಿಡಿಯದವನಿಗೆ ಲೂಟಿ.

ಗೋರಟಾ ಬಸವಕಲ್ಯಾಣದ ಕಡೆಯ ಒಂದು ರೈತರ ಊರು, ಈಗ ಹುಲಸೂರು ತಾಲೂಕಿನಲ್ಲಿದೆ. ಅಲ್ಲಿನ ಯುವಕರು ಧ್ವಜ ಹಾರಿಸಿದರು. ಅಲ್ಲಿಂದ ರಜಾಕಾರರಿಗೂ ಊರವರಿಗೂ ಹಗೆ ಬೆಳೆಯಿತು. ಆ ಹಗೆಯಲ್ಲಿ ರಜಾಕಾರರ ಕಡೆಯ ಮುಖಂಡನೊಬ್ಬ ಕೊಲೆಯಾದ. ಅದರ ಸೇಡು ಇಡೀ ಊರಿನ ಮೇಲೆ ಬಿತ್ತು. ಮೇ 9ರಂದು ಬಂದೂಕು, ಕತ್ತಿ ಹಿಡಿದ ರಜಾಕಾರರು ಊರಿಗೆ ನುಗ್ಗಿದರು. ಮನೆಗಳಿಗೆ ಬೆಂಕಿ ಬಿತ್ತು. ಸಿಕ್ಕವರನ್ನು ಕೊಂದರು. ಊರಿನ ದೊಡ್ಡ ಮನೆಯೊಂದರೊಳಗೆ ಸೇರಿಕೊಂಡ ನೂರಾರು ಜನ ಹೇಗೋ ಉಳಿದರು. ಸತ್ತವರು ಸುಮಾರು 200 ಮಂದಿ ಅಂತ ಜನ ಲೆಕ್ಕ ಹೇಳುತ್ತಾ ಬಂದಿದ್ದಾರೆ. ದಕ್ಷಿಣದ ಜಲಿಯನ್‌ವಾಲಾಬಾಗ್ ಅನ್ನೋ ಹೆಸರು ಗೋರಟಾಕ್ಕೆ ಬಂದದ್ದು ಹೀಗೆ.

ಒಂದು ಹಳ್ಳಿಯಲ್ಲಿ 200 ಜನ ಅಂದರೆ ಏನು ಅಂತ ಸ್ವಲ್ಪ ಯೋಚನೆ ಮಾಡಿ ನೋಡ್ರಿ. ಪಟ್ಟಣದ ಲೆಕ್ಕ ಬೇರೆ. ಹಳ್ಳಿಯಲ್ಲಿ ಸತ್ತವರೆಲ್ಲ ಒಬ್ಬರಿಗೊಬ್ಬರು ಸಂಬಂಧಿಕರು. ಹೆಣ ಎತ್ತಬೇಕಾದವರೂ ಹೆಣದ ಮನೆಯವರೇ. ಮಣ್ಣು ಮಾಡಲು ಭುಜ ಕೊಡುವವರೇ ಕಮ್ಮಿ. ಮೇ ತಿಂಗಳು, ಮುಂದೆ ರೋಹಿಣಿ ಮಳೆ, ಮುಂಗಾರು ಬಿತ್ತನೆ. ಬೀಜ ಇಟ್ಟ ಮನೆ ಸುಟ್ಟಿದೆ, ಎತ್ತು ಹೊಡೆಯುವವನು ಇಲ್ಲ. ಇದು ಸಾವಿನ ನಂತರದ ಕಥೆ. ಭಾಷಣದಲ್ಲಿ ಬರುವುದು ಮೇ 9ರ ಕಥೆ ಮಾತ್ರ, ಮೇ 10ರ ಕಥೆ ಬರುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಭಾರತದ ಸೈನ್ಯ ಹೈದರಾಬಾದ್ ರಾಜ್ಯದೊಳಗೆ ಬಂದದ್ದು ಸೆಪ್ಟೆಂಬರ್ 13ಕ್ಕೆ. ನಿಜಾಮ ಶರಣಾದದ್ದು 17ಕ್ಕೆ. ಮೇ 9ರಿಂದ ಅಲ್ಲಿವರೆಗೆ ನಾಲ್ಕು ತಿಂಗಳ ಮೇಲಾಯಿತು. ಆ ನಾಲ್ಕು ತಿಂಗಳು ಉಳಿದವರು ಅದೇ ಸರ್ಕಾರದ ಕೆಳಗೆ, ಅದೇ ರಜಾಕಾರರ ನಡುವೆ ಬದುಕಬೇಕಿತ್ತು, ಇಲ್ಲವೇ ಊರು ಬಿಟ್ಟು ಗಡಿ ದಾಟಬೇಕಿತ್ತು.

ಐಜಕ್ಕೂ ಗೋರಟಾಕ್ಕೂ ಏನು ಸಂಬಂಧ?

ಈ ಪ್ರಶ್ನೆಯನ್ನು ನಮ್ಮ ಹುಡುಗರೇ ಕೇಳಿದರು. ಬೀದರ್ ಎಲ್ಲಿ, ಐಜ ಎಲ್ಲಿ, ನಮಗ್ಯಾಕೆ ಅದು ಅಂತ. ಉತ್ತರ ಸುಲಭ. ಗೋರಟಾದಲ್ಲಿ ಗುಂಡು ಹಾರಿದ ದಿನ ಐಜ ಇದ್ದದ್ದು ರಾಯಚೂರು ಜಿಲ್ಲೆಯಲ್ಲಿ. ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲೆಯಲ್ಲೇ ಇದ್ದವು. ತಾಂಡೂರು, ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯವು. ಗೋರಟಾದ ಮೇಲಿದ್ದ ನಿಜಾಮನೇ ನಮ್ಮ ಮೇಲೂ ಇದ್ದ. ಅವರ ಊರಿಗೆ ಬಂದ ರಜಾಕಾರರ ಹೆಸರು ಕೇಳಿಯೇ ನಮ್ಮ ಊರುಗಳೂ ರಾತ್ರಿ ಕಾವಲು ಕೂತವು.

ನಮ್ಮ ಕಡೆ ಹಳಬರು ವಯಸ್ಸು ಹೇಳುವ ರೀತಿ ನಿಮಗೆ ಗೊತ್ತು. ಹುಟ್ಟಿದ ತಾರೀಖು ಕೇಳಿದರೆ, "ರಜಾಕಾರರ ಹಾವಳಿಯಾಗ ನಾ ಇಷ್ಟುದ್ದ ಇದ್ದೆನಪ್ಪ" ಅಂತ ಕೈ ತೋರಿಸುತ್ತಿದ್ದರು. ಕನ್ನಡದವರಿಗೂ ತೆಲುಗಿನವರಿಗೂ ಅದೇ ಅಳತೆ. ನಮ್ಮ ನದಿಯ ಆಚೆ ದಂಡೆಯಲ್ಲಿ, ಆತ್ಮಕೂರು ಕಡೆಯ ಅಪ್ಪಂಪಲ್ಲಿಯಲ್ಲಿ, 1947ರಲ್ಲೇ ನಿಜಾಮನ ಪೋಲೀಸರು ಜನರ ಮೇಲೆ ಗುಂಡು ಹಾರಿಸಿ ಕೊಂದರು. ಅದು ತೆಲುಗಿನ ಊರು. ಗೋರಟಾ ಕನ್ನಡದ ಊರು. ಗುಂಡಿಗೆ ಭಾಷೆ ಗೊತ್ತಿರಲಿಲ್ಲ.

ರಾಯಚೂರು ಜಿಲ್ಲೆಯ ಹೋರಾಟ ನಡೆದದ್ದೂ ಹೀಗೇ. ಗಡಿ ಆಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಅವರ ಶಿಬಿರ. ಅವರು ಬಿಡಿಸಲು ಹೊರಟ ರಾಯಚೂರು ಜಿಲ್ಲೆಯಲ್ಲಿ ಗದ್ವಾಲವೂ ಇತ್ತು, ಐಜವೂ ಇತ್ತು.

ಆಮೇಲೆ 1956 ಬಂತು. ರಾಜ್ಯ ಪುನರ್ವಿಂಗಡಣೆ ಕಾಯ್ದೆಯ ಒಂದೇ ಸಾಲಿನಲ್ಲಿ ಆಲಂಪುರ, ಗದ್ವಾಲ, ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಉಳಿದ ರಾಯಚೂರು, ಗುಲ್ಬರ್ಗಾ ಮೈಸೂರಿಗೆ ಹೋದವು. ಗೋರಟಾ ಇದ್ದ ಬೀದರ್ ಜಿಲ್ಲೆಯನ್ನಂತೂ ಮೂರು ಭಾಗ ಮಾಡಿದರು. ಉದಗೀರ, ನಿಲಂಗಾ, ಅಹಮದ್‌ಪುರ ಮುಂಬಯಿ ರಾಜ್ಯಕ್ಕೆ. ನಾರಾಯಣಖೇಡ, ಜಹೀರಾಬಾದ್ ಕಡೆ ಆಂಧ್ರಕ್ಕೆ. ಉಳಿದದ್ದು ಮೈಸೂರಿಗೆ.

ನೆಲ ಹಂಚಿದ ಹಾಗೆ ನೆನಪೂ ಹಂಚಿಹೋಯಿತು. ಕರ್ನಾಟಕದವರು ಗೋರಟಾ ಇಟ್ಟುಕೊಂಡರು. ತೆಲಂಗಾಣದವರು ಪರಕಾಲ, ಬೈರಾನಪಲ್ಲಿ ಇಟ್ಟುಕೊಂಡರು. ಪರಕಾಲದಲ್ಲಿ 1947ರ ಸೆಪ್ಟೆಂಬರ್ 2ರಂದು ಧ್ವಜ ಹಾರಿಸಲು ಹೋದವರ ಮೇಲೆ ಗುಂಡು ಹಾರಿತು. ಬೈರಾನಪಲ್ಲಿಯಲ್ಲಿ 1948ರ ಆಗಸ್ಟ್ 27ರಂದು ಗೋರಟಾದಂಥದ್ದೇ ಹತ್ಯಾಕಾಂಡ ನಡೆಯಿತು. ಕಲಬುರಗಿಯಲ್ಲಿ ಓದಿದ ಹುಡುಗಿಗೆ ಬೈರಾನಪಲ್ಲಿ ಗೊತ್ತಿಲ್ಲ, ವರಂಗಲ್ಲಿನಲ್ಲಿ ಓದಿದ ಹುಡುಗನಿಗೆ ಗೋರಟಾ ಗೊತ್ತಿಲ್ಲ. ಮಖ್ತಲ್, ಕೃಷ್ಣಾ, ಐಜದ ಮಕ್ಕಳನ್ನು ಕೇಳಿ ನೋಡ್ರಿ. ಬಹಳ ಮಕ್ಕಳಿಗೆ ಎರಡೂ ಗೊತ್ತಿರುವುದಿಲ್ಲ.

ಲೆಕ್ಕ ಇಟ್ಟ ಊರು, ಲೆಕ್ಕ ಇಡದ ಊರು

ಗುಂಡು ನಿಂತ ಮೇಲೆ ಒಂದು ಸಣ್ಣ ಊರಿನ ಪಾಡು ಏನಾಗುತ್ತದೆ ಅನ್ನೋದು ಆ ಊರಿನ ಕೈಯಲ್ಲಿ ಮಾತ್ರ ಇರುವುದಿಲ್ಲ. ಇದಕ್ಕೆ ಇನ್ನೊಂದು ಗಡಿ ಊರನ್ನೇ ನೋಡಬಹುದು.

ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥ. ಅದೂ ನಮ್ಮ ಹಾಗೆ ಕನ್ನಡ ತೆಲುಗು ಎರಡೂ ಆಡುವ ಜಾಗ, ಆಂಧ್ರದ ಗಡಿಗೆ ಅಂಟಿಕೊಂಡಿದೆ. 1938ರ ಏಪ್ರಿಲ್ 25ರಂದು, ಜಾತ್ರೆಗೆ ಸೇರಿದ ಜನ ಧ್ವಜ ಹಾರಿಸಲು ಹೊರಟಾಗ ಮೈಸೂರು ಸಂಸ್ಥಾನದ ಪೋಲೀಸರು ಗುಂಡು ಹಾರಿಸಿದರು. ಸರ್ಕಾರ ಸತ್ತವರು 10 ಮಂದಿ ಅಂದಿತು. ಜನ 32 ಅಂದರು. ಇವತ್ತಿಗೂ ಊರಿನಲ್ಲಿ ಕೇಳಿದರೆ 32 ಅಂತಲೇ ಹೇಳುತ್ತಾರೆ.

ಆದರೆ ಆ ಗುಂಡಿನ ಸದ್ದು ದೇಶಕ್ಕೆ ಕೇಳಿತು. ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವರು ಬೆಂಗಳೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಮಾತುಕತೆಗೆ ಕೂತರು. ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ವಿಚಾರಣಾ ಸಮಿತಿ ಬಂತು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಸಂಸ್ಥಾನದ ಬಾವುಟದ ಜೊತೆ ತ್ರಿವರ್ಣ ಧ್ವಜ ಹಾರಿಸಬಹುದು ಅಂತ ಒಪ್ಪಂದ ಆಯಿತು. ಸತ್ತವರು ತಿರುಗಿ ಬರಲಿಲ್ಲ. 10ಕ್ಕೂ 32ಕ್ಕೂ ನಡುವಿನ ಜಗಳ ಮುಗಿಯಲಿಲ್ಲ. ಆದರೂ ಜಗಳ ಮಾಡುವುದಕ್ಕೆ ಎರಡು ಸಂಖ್ಯೆಯಾದರೂ ಇದ್ದವು.

ಗೋರಟಾದ ಕಥೆ ಹಾಗಲ್ಲ. ಅದು ನಡೆದದ್ದು ನಿಜಾಮನ ರಾಜ್ಯದ ಮೂಲೆಯಲ್ಲಿ. ಕೊಂದವರ ಬೆನ್ನಿಗೆ ನಿಂತ ಸರ್ಕಾರವೇ ವಿಚಾರಣೆ ಮಾಡಬೇಕಿತ್ತು. ನಾಲ್ಕು ತಿಂಗಳಿಗೆ ಆ ಸರ್ಕಾರವೇ ಹೋಯಿತು. ಎಂಟು ವರ್ಷಕ್ಕೆ ಆ ರಾಜ್ಯವೇ ಹೋಯಿತು. ಬೆಂಗಳೂರಿಗೆ ಬೀದರ್ ದೂರ, ಹೈದರಾಬಾದಿಗೆ ಬೀದರ್ ಪರರಾಜ್ಯ. ದೊಡ್ಡ ಸ್ಮಾರಕಕ್ಕೆ ಅಡಿಗಲ್ಲು ಬಿದ್ದದ್ದು 2014ರ ಸೆಪ್ಟೆಂಬರ್ 17ಕ್ಕೆ, ಉದ್ಘಾಟನೆ ಆದದ್ದು 2023ರ ಮಾರ್ಚ್ 26ಕ್ಕೆ. ಎರಡಕ್ಕೂ ಬಂದವರು ಅಮಿತ್ ಶಾ. 1948ರಲ್ಲಿ ಹತ್ತು ವರ್ಷದ ಹುಡುಗನಾಗಿ ಅದನ್ನೆಲ್ಲ ಕಂಡವನಿಗೆ ಅಡಿಗಲ್ಲಿನ ಹೊತ್ತಿಗೆ 76, ಉದ್ಘಾಟನೆಯ ಹೊತ್ತಿಗೆ 85. ಅಷ್ಟರಲ್ಲಿ ಎಷ್ಟು ಜನ ಉಳಿದಿರುತ್ತಾರೆ?

ಸ್ಮಾರಕ ಆದದ್ದು ಒಳ್ಳೆಯದಾಯಿತು, ಯಾವ ಪಕ್ಷದವರು ಮಾಡಿದರೂ ಸರಿ. ಮಾಡದೇ ಬಿಟ್ಟವರು ಮಾಡಿದವರನ್ನು ಬೈಯುವ ಹಕ್ಕು ಕಳೆದುಕೊಂಡಿದ್ದಾರೆ. ಆದರೆ ಕಂಬ ನಿಲ್ಲಿಸಿದರೆ ಕೆಲಸ ಮುಗಿಯಿತು ಅಂತ ನಾವು ಒಪ್ಪುವುದಿಲ್ಲ.

ಸೆಪ್ಟೆಂಬರ್ 17ರ ಆಚೆ

ಈಗ ಹೇಳುವ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳದೆ ಬಿಟ್ಟರೆ ನಾವೂ ಲೆಕ್ಕ ಮುಚ್ಚಿಟ್ಟವರೇ ಆಗುತ್ತೇವೆ.

ಸೈನ್ಯ ಬಂದು ರಜಾಕಾರರ ಆಟ ಮುಗಿದ ಮೇಲೆ ಸೇಡಿನ ಇನ್ನೊಂದು ಸುತ್ತು ನಡೆಯಿತು. ಈ ಸಲ ಸತ್ತವರು ಮುಸ್ಲಿಮರು. ರಜಾಕಾರರ ಜೊತೆ ಹೋದವರು ಮಾತ್ರವಲ್ಲ, ಏನೂ ಮಾಡದ ಬಡವರು, ಹೆಂಗಸರು, ಮಕ್ಕಳು. ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮುಂತಾದವರನ್ನು ಪರಿಸ್ಥಿತಿ ನೋಡಿ ಬರಲು ಕಳಿಸಿತು. 1948ರ ಕೊನೆಗೆ ಅವರು ಹೈದರಾಬಾದ್ ರಾಜ್ಯ ಸುತ್ತಿದರು. ಸತ್ತವರು 27,000ದಿಂದ 40,000 ಇರಬಹುದು ಅಂತ ಅಂದಾಜು ಕೊಟ್ಟರು. ಎಲ್ಲಕ್ಕಿಂತ ಕೆಟ್ಟದಾಗಿ ನಡೆದದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ ಜಿಲ್ಲೆಗಳಲ್ಲಿ ಅಂತ ಬರೆದರು. ಗೋರಟಾ ಇದ್ದ ಬೀದರ್ ಜಿಲ್ಲೆ ಆ ಪಟ್ಟಿಯಲ್ಲಿದೆ. ಆ ವರದಿಯನ್ನು ಸರ್ಕಾರ ದಶಕಗಟ್ಟಲೆ ಪ್ರಕಟಿಸಲಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಗದ್ವಾಲ, ನಾರಾಯಣಪೇಟೆಯ ಮಗ್ಗದ ಮನೆಗಳವರು ಅದನ್ನು ಓದಬೇಕು. ಮುಸ್ಲಿಮರನ್ನು ಕಾಪಾಡಿದ ಹಿಂದೂಗಳ ಬಗ್ಗೆ ಬರೆಯುತ್ತಾ ಸಮಿತಿ ನೇಕಾರರ ಹೆಸರು ಎತ್ತಿ ಹೇಳಿದೆ. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಜೀವ ಕೊಟ್ಟು ಮುಸ್ಲಿಂ ನೇಕಾರರನ್ನು ಉಳಿಸಿದರು ಅಂತ. ಒಂದೇ ಕಸುಬು, ಒಂದೇ ಕೂಲಿ, ಒಂದೇ ಸಾಹುಕಾರನ ಸಾಲ. ಆ ಸಂಬಂಧ ಸೇಡಿಗಿಂತ ಗಟ್ಟಿಯಾಗಿತ್ತು.

ಇದಕ್ಕೂ ಮುಂಚೆ ಇನ್ನೊಬ್ಬರನ್ನು ನೆನೆಯಬೇಕು. ಶೋಯೆಬುಲ್ಲಾ ಖಾನ್. ಹೈದರಾಬಾದಿನಲ್ಲಿ ಇಮ್ರೋಜ್ ಅನ್ನೋ ಉರ್ದು ಪತ್ರಿಕೆ ನಡೆಸುತ್ತಿದ್ದರು. ಹೈದರಾಬಾದ್ ಭಾರತಕ್ಕೆ ಸೇರಬೇಕು ಅಂತ ಬರೆದರು, ರಜಾಕಾರರ ವಿರುದ್ಧ ಬರೆದರು. 1948ರ ಆಗಸ್ಟ್‌ನಲ್ಲಿ ಅವರನ್ನು ಕೊಂದರು. ರಜಾಕಾರ ಅಂದರೆ ಮುಸ್ಲಿಂ, ಮುಸ್ಲಿಂ ಅಂದರೆ ರಜಾಕಾರ ಅಂತ ಇವತ್ತು ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ಈ ಹೆಸರು ಕಳಿಸಿ ಸಾಕು.

ಮುಸ್ಲಿಮರ ಸಾವನ್ನು ಹೇಳಿದರೆ ಗೋರಟಾದ ಸಾವು ಸಣ್ಣದಾಗುತ್ತದಾ? ಆಗುವುದಿಲ್ಲ. ಗೋರಟಾದ 200 ಜನರ ಸಾವಿಗೆ ಯಾವ ವಿನಾಯಿತಿಯೂ ಇಲ್ಲ, ಅದನ್ನು ತಗ್ಗಿಸಿ ಮಾತಾಡುವವರ ಜೊತೆ ನಾವು ನಿಲ್ಲುವುದಿಲ್ಲ. ಆದರೆ ಒಂದು ಸಾವನ್ನು ನೆನೆಯಲು ಇನ್ನೊಂದು ಸಾವನ್ನು ಮುಚ್ಚಬೇಕು ಅನ್ನುವವರ ಜೊತೆಯೂ ನಾವು ನಿಲ್ಲುವುದಿಲ್ಲ. ನಾವು ಅಲ್ಪಸಂಖ್ಯಾತರು. ಲೆಕ್ಕಕ್ಕೆ ಸಿಗದೆ ಇರುವುದು ಅಂದರೆ ಏನು ಅಂತ ನಮಗೆ ಗೊತ್ತು. ಜನಗಣತಿಯವರು ಬಂದಾಗ ಮಾತೃಭಾಷೆ ಕಾಲಂನಲ್ಲಿ ಕನ್ನಡ ಅಂತಲೇ ಬರೆಸಿರಿ ಅಂತ ಮನೆಮನೆಗೆ ಹೇಳಿಕೊಂಡು ತಿರುಗುವವರು ನಾವು. ಬದುಕಿದವರ ಲೆಕ್ಕಕ್ಕೆ ಹೋರಾಡುವವರು ಸತ್ತವರ ಲೆಕ್ಕದಲ್ಲಿ ಆರಿಸಿ ತೆಗೆಯಬಾರದು.

ನಾಲ್ಕು ಭಾಷೆಯಲ್ಲಿ ಹರಿದುಹೋದ ನೆನಪು

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ.

1948ರ ನೆನಪು ಯಾಕೆ ಇಷ್ಟು ಚೂರಾಯಿತು ಅಂದರೆ, ಧರ್ಮ, ಪಕ್ಷ ಅಂತ ಎಲ್ಲರೂ ಹೇಳುತ್ತಾರೆ. ಭಾಷೆಯ ಕಾರಣ ಯಾರೂ ಹೇಳುವುದಿಲ್ಲ. ನಿಜಾಮನ ಆಡಳಿತ ನಡೆದದ್ದು ಉರ್ದುವಿನಲ್ಲಿ. ಠಾಣೆಯ ಕಾಗದ, ತಹಶೀಲಿನ ಕಾಗದ, ಜಮೀನಿನ ದಫ್ತರು ಎಲ್ಲ ಉರ್ದು. ತಾರೀಖು ಸಹ ಫಸಲಿ ಲೆಕ್ಕ. ನಾವು 1948ರ ಮೇ ಅನ್ನುವುದು ಆ ಕಾಗದಗಳಲ್ಲಿ ಫಸಲಿ 1357. ಸತ್ತವರ ಮನೆಯವರು ಅತ್ತದ್ದು ಕನ್ನಡದಲ್ಲಿ, ತೆಲುಗಿನಲ್ಲಿ, ಮರಾಠಿಯಲ್ಲಿ. ಮೇಲಿನವರ ವರದಿಗಳು ಇಂಗ್ಲಿಷಿನಲ್ಲಿ.

1956ರ ನಂತರ ಪ್ರತಿ ರಾಜ್ಯವೂ ತನ್ನ ಭಾಷೆಯಲ್ಲಿ ಸಿಕ್ಕದ್ದನ್ನು ಮಾತ್ರ ಓದಿತು. ಬೆಂಗಳೂರಿನವರು ಕನ್ನಡದ ನೆನಪು ಬರೆದರು. ಹೈದರಾಬಾದಿನವರು ತೆಲುಗಿನ ನೆನಪು ಬರೆದರು. ಮರಾಠವಾಡದವರು ಮರಾಠಿಯಲ್ಲಿ ಬರೆದರು. ಉರ್ದು ಕಾಗದಗಳು ತಾರ್ನಾಕಾದ ರಾಜ್ಯ ಪತ್ರಾಗಾರದಂಥ ಜಾಗಗಳಲ್ಲಿ ಉಳಿದವು, ಓದುವವರು ಕಮ್ಮಿಯಾದರು.

ಇವುಗಳನ್ನು ಒಟ್ಟಿಗೆ ಇಟ್ಟು ಓದಬಲ್ಲವರು ಯಾರು? ಬೆಂಗಳೂರಿನ ಪ್ರೊಫೆಸರರಿಗೆ ತೆಲುಗು ಬರಬೇಕೆಂದಿಲ್ಲ. ಹೈದರಾಬಾದಿನ ಪ್ರೊಫೆಸರರಿಗೆ ಕನ್ನಡ ಬರಬೇಕೆಂದಿಲ್ಲ. ನಮ್ಮ ಐಜದ ಸಂತೆಗೆ ಬನ್ನಿ. ಒಬ್ಬನೇ ಮನುಷ್ಯ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಪಕ್ಕದ ಸಾಬರ ಜೊತೆ ದಖ್ಖನಿ ಆಡುತ್ತಾನೆ. ತಿಕ್ಕ ವೀರೇಶ್ವರನ ಜಾತ್ರೆಗೆ ಬರುವವರಲ್ಲಿ ಯಾರ ಭಾಷೆ ಯಾವುದು ಅಂತ ಬೇರ್ಪಡಿಸಲು ಹೋದರೆ ದಿನ ಮುಗಿದುಹೋಗುತ್ತದೆ. ಶುದ್ಧ ಕನ್ನಡ ಬರುವುದಿಲ್ಲ ಅಂತ ಆ ಕಡೆಯವರು ನಗುತ್ತಾರೆ, ಶುದ್ಧ ತೆಲುಗು ಬರುವುದಿಲ್ಲ ಅಂತ ಈ ಕಡೆಯವರು ನಗುತ್ತಾರೆ. ಆದರೆ ಆ ಕಾಲದ ಹೈದರಾಬಾದ್ ರಾಜ್ಯ ಮಾತಾಡಿದ್ದು ನಾವು ಮಾತಾಡುವ ಹಾಗೆಯೇ. ಆ ರಾಜ್ಯದ ದುಃಖವನ್ನು ಪೂರ್ತಿ ಕೇಳಿಸಿಕೊಳ್ಳಬಲ್ಲ ಕಿವಿ ಇದ್ದರೆ ಅದು ಗಡಿಯವರದ್ದು.

ಅದಕ್ಕೇ ನಾವು ಗೋರಟಾ ನಮ್ಮದೂ ಹೌದು ಅನ್ನುವುದು. ಕನ್ನಡದವರು ಸತ್ತರು, ಹಾಗಾಗಿ ನಮ್ಮದು ಅಂತಲ್ಲ. ಆ ಕಥೆಯ ಎಲ್ಲ ತುಂಡುಗಳ ಭಾಷೆ ನಮಗೆ ಬರುತ್ತದೆ, ಹಾಗಾಗಿ ಅದನ್ನು ಜೋಡಿಸುವ ಕೆಲಸ ನಮ್ಮ ಮೇಲಿದೆ.

ನಮ್ಮ ಮಕ್ಕಳಿಗೆ ಆ ಭಾಷೆ ಉಳಿದರೆ ತಾನೇ

ಈ ಕೆಲಸಕ್ಕೂ ನಮ್ಮ ದಿನನಿತ್ಯದ ಹೋರಾಟಕ್ಕೂ ಇರುವ ನಂಟು ಇಲ್ಲಿದೆ. ಕೃಷ್ಣಾ ಮಂಡಲದ ಕಡೆ ಕನ್ನಡ ಮಾಧ್ಯಮ ಶಾಲೆಗಳು ಇನ್ನೂ ಇವೆ. ಐಜ, ಗದ್ವಾಲ ಕಡೆ ಮನೆಯಲ್ಲಿ ಕನ್ನಡ ಆಡುವ ಎಷ್ಟೋ ಮಕ್ಕಳಿಗೆ ಕನ್ನಡ ಅಕ್ಷರ ಗೊತ್ತಿಲ್ಲ. ಆಡಲು ಬರುತ್ತದೆ, ಓದಲು ಬರುವುದಿಲ್ಲ. ಅಂಥ ಮಗು ನಾಳೆ ತನ್ನ ಮುತ್ಯಾ ಹೇಳಿದ್ದನ್ನು ಯಾವ ಲಿಪಿಯಲ್ಲಿ ಬರೆದಿಡಬೇಕು?

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಮಾಡಿಕೊಡಲು ಪ್ರಯತ್ನಿಸಬೇಕು ಅಂತ ಪ್ರತಿ ರಾಜ್ಯಕ್ಕೂ ಹೇಳುತ್ತದೆ. ಅದು ಸಂವಿಧಾನಕ್ಕೆ ಸೇರಿದ್ದೂ 1956ರಲ್ಲೇ, ನಮ್ಮನ್ನು ಹಂಚಿದ ವರ್ಷದಲ್ಲೇ. ಹಂಚಿಕೆಯಲ್ಲಿ ಅತ್ತಿತ್ತ ಉಳಿದವರಿಗೆ ಕೊಟ್ಟ ಮಾತು ಅದು. ಆ ಮಾತು ಉಳಿಸಿಕೊಳ್ಳಿ ಅಂತ ಕೇಳಿದರೆ ಅದು ಪ್ರತ್ಯೇಕತೆ ಅಲ್ಲ, ತೆಲುಗಿಗೆ ವಿರೋಧವೂ ಅಲ್ಲ. ತೆಲುಗು ನಮ್ಮ ಅನ್ನದ ಭಾಷೆ.

ಕರ್ನಾಟಕಕ್ಕೂ ಒಂದು ಮಾತು. ಹಿಂದುಳಿದ ಹೈದರಾಬಾದ್ ಕರ್ನಾಟಕಕ್ಕೆ 371ಜೆ ಬಂದಾಗ ನಾವೂ ಸಂತೋಷಪಟ್ಟೆವು. ರಾಯಚೂರಿನ ಹುಡುಗರಿಗೆ ಸೀಟು, ನೌಕರಿ ಸಿಕ್ಕಿದ್ದು ನೋಡಿದೆವು. ಅದೇ ರಾಯಚೂರು ಜಿಲ್ಲೆಯಲ್ಲಿ, ಅದೇ ನಿಜಾಮನ ಕೆಳಗೆ, ಅದೇ ಬಡತನದಲ್ಲಿ ಇದ್ದ ಐಜದವರು ಆ ಸಾಲಿನಲ್ಲಿ ಇಲ್ಲ. ಕಾನೂನು ಗಡಿ ನೋಡುತ್ತದೆ, ಅದು ನಮಗೆ ಅರ್ಥವಾಗುತ್ತದೆ. ಆದರೆ ವಿಮೋಚನೆಯ ಕಥೆ ಹೇಳುವಾಗ ಗಡಿ ನೋಡಬೇಕಿಲ್ಲವಲ್ಲ. ಕಲಬುರಗಿಯ ಮೆರವಣಿಗೆಯಲ್ಲಿ, ರಾಯಚೂರಿನ ಭಾಷಣದಲ್ಲಿ ಗದ್ವಾಲ, ಆಲಂಪುರ, ತಾಂಡೂರು, ಕೊಡಂಗಲ್ ಅಂತ ನಾಲ್ಕು ಹೆಸರು ಹೇಳಿದರೆ ಖಜಾನೆಗೆ ಏನೂ ಖರ್ಚಾಗುವುದಿಲ್ಲ.

ಏನು ಮಾಡೋಣ?

ನಮ್ಮ ಬಳಗದ ಕಡೆಯಿಂದ ನಾಲ್ಕು ಕೆಲಸ ಹೇಳುತ್ತೇವೆ. ದೊಡ್ಡವೇನಲ್ಲ.

1. ನಿಮ್ಮ ಊರಿನಲ್ಲಿ 85 ದಾಟಿದ ಹಿರಿಯರು ಯಾರಿದ್ದಾರೆ ನೋಡಿ. ಮುತ್ಯಾ, ಆಯಿ, ಯಾರೇ ಇರಲಿ, ಯಾವ ಜಾತಿ ಯಾವ ಧರ್ಮದವರೇ ಇರಲಿ. ಈ ಸೆಪ್ಟೆಂಬರ್ 17ರೊಳಗೆ ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ರಜಾಕಾರರ ಹಾವಳಿಯಾಗ ಊರಿನಲ್ಲಿ ಏನಾಯಿತು, ಯಾರು ಊರು ಬಿಟ್ಟರು, ಯಾರು ಯಾರನ್ನು ಬಚ್ಚಿಟ್ಟರು, ಪೋಲೀಸ್ ಆಕ್ಷನ್ ಆದ ಮೇಲೆ ಏನಾಯಿತು ಅಂತ ಕೇಳಿ. ಕೊನೆಯ ಪ್ರಶ್ನೆ ಬಿಡಬೇಡಿ. ಅವರು ಅತ್ತರೆ ನಿಲ್ಲಿಸಿ. ಮತ್ತೊಂದು ದಿನ ಹೋಗಿ.

2. ಅವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಕನ್ನಡ ಅಕ್ಷರ ಬರದಿದ್ದರೆ ತೆಲುಗು ಅಕ್ಷರದಲ್ಲಿ ಬರೆದು ಕಳಿಸಿ. ನಾವು ಎರಡೂ ಲಿಪಿಗೆ ತರುತ್ತೇವೆ. ಹೆಸರು ಹಾಕಬೇಡ ಅಂತ ಮನೆಯವರು ಹೇಳಿದರೆ ಹಾಕಬೇಡಿ. ಯಾರ ಮೇಲಾದರೂ ಹಳೆಯ ಆರೋಪ ಇದ್ದರೆ ಅದನ್ನು ಪುಟದಲ್ಲಿ ಹಾಕುವುದಿಲ್ಲ. ಮೊಮ್ಮಕ್ಕಳು ಅದೇ ಓಣಿಯಲ್ಲಿ ಬದುಕಬೇಕು.

3. ಮನೆಯ ಟ್ರಂಕಿನಲ್ಲಿ ಹಳೆಯ ಉರ್ದು ಕಾಗದ ಇದ್ದರೆ ರದ್ದಿಗೆ ಹಾಕಬೇಡಿ. ಉರ್ದು ಓದಬಲ್ಲ ನಮ್ಮ ಮುಸ್ಲಿಂ ಗೆಳೆಯರನ್ನು ಕರೆದು ಜೊತೆಗೆ ಕೂತು ಓದೋಣ. ಅವರ ಮನೆಯ ಹಿರಿಯರ ಮಾತನ್ನೂ ಅದೇ ಕೂತಲ್ಲಿ ಕೇಳೋಣ.

4. ಎರಡೂ ಸರ್ಕಾರಗಳಿಗೆ ಒಂದೇ ಮನವಿ ಕೊಡೋಣ. ತೆಲಂಗಾಣದ ಗಡಿ ಶಾಲೆಗಳಲ್ಲಿ ಅಪ್ಪಂಪಲ್ಲಿ, ಪರಕಾಲ, ಬೈರಾನಪಲ್ಲಿಯ ಜೊತೆ ಗೋರಟಾ ಹೇಳಿಕೊಡಿ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಗೋರಟಾದ ಜೊತೆ ಅವುಗಳನ್ನು ಹೇಳಿಕೊಡಿ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಮನಸ್ಸು ಮಾಡಿದರೆ ಎರಡು ಭಾಷೆಯ ಒಂದು ಚಿಕ್ಕ ಪುಸ್ತಕ ಬರುವುದು ಕಷ್ಟವೇನಲ್ಲ. ಕೆಲಸಕ್ಕೆ ಬರುವ ಜನ ನಮ್ಮಲ್ಲಿದ್ದಾರೆ.

ಕೊನೆಗೆ

ಸೆಪ್ಟೆಂಬರ್ 17ರಂದು ನಾವೂ ಬಾವುಟಕ್ಕೆ ಕೈ ಮುಗಿಯುತ್ತೇವೆ. ಯಾವ ಸರ್ಕಾರ ಯಾವ ಹೆಸರು ಇಟ್ಟರೂ ಮುಗಿಯುತ್ತೇವೆ, ಯಾಕೆಂದರೆ ಆ ಬಾವುಟ ಹಾರಿಸಲು ಹೋಗಿಯೇ ಜನ ಸತ್ತರು. ಈ ಸಲ ಕೈ ಮುಗಿದು ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ ಮಾಡೋಣ. ಮನೆಯ ಹಿರಿಯರ ಹತ್ತಿರ ಕೂತು, "ಆವಾಗ ಏನಾತು ಹೇಳ್ರಿ" ಅಂತ ಕೇಳೋಣ. ಅವರು "ಈಗ್ಯಾಕಪ್ಪ ಅದೆಲ್ಲ" ಅಂತಾರೆ. ಎರಡು ಸಲ ಅಂತಾರೆ. ಮೂರನೇ ಸಲಕ್ಕೆ ಹೇಳುತ್ತಾರೆ.

ಗೋರಟಾದಲ್ಲಿ ಕಣ್ಣಾರೆ ಕಂಡವರ ಹತ್ತಿರ ಕೇಳುವ ಹೊತ್ತು ಹೆಚ್ಚುಕಮ್ಮಿ ಮೀರಿದೆ. ನಮ್ಮ ಊರುಗಳಲ್ಲಿ ಇನ್ನೂ ಸ್ವಲ್ಪ ಹೊತ್ತಿದೆ. ಬೇಗ ಹೋಗೋಣ.

ಸಿರಿಗನ್ನಡಂ ಗೆಲ್ಗೆ. ತೆಲುಗು, ಉರ್ದು, ಮರಾಠಿ ಆಡುವ ನಮ್ಮ ನೆರೆಯವರೂ ಚೆನ್ನಾಗಿರಲಿ.